ಸಂಶಯದ ಹೊಣೆ: ಹಿಚ್‌ಕಾಕನ 'ಮರ್ಡರ್!' ಚಿತ್ರದ ಹವ್ಯಾಸಿ ಪತ್ತೇದಾರ

೧

ಕೊಲೆಯ ರಹಸ್ಯವನ್ನು ಭೇದಿಸುವ ಕಥೆಗಳನ್ನು ಸಾಹಿತ್ಯ ವಿಮರ್ಶೆಯು ಸಾಮಾನ್ಯವಾಗಿ ತನ್ನ ಅಂಗಳದ ಹೊರಗೇ ನಿಲ್ಲಿಸಿದೆ. ಐದುನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಸಾವಿರಾರು ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದ ಎನ್. ನರಸಿಂಹಯ್ಯನವರ ಹೆಸರು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಓದಿ ಮುಗಿಸಿದೊಡನೆ ಮರೆತುಹೋಗುವ ಬರವಣಿಗೆ ಎಂಬುದು ಈ ಅಲಕ್ಷ್ಯಕ್ಕೆ ಕೊಡುವ ಕಾರಣ. ಆದರೆ ಈ ಪ್ರಕಾರದ ಒಡಲಲ್ಲಿ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಎಲ್ಲರೂ ಒಪ್ಪಿಕೊಂಡ ಸತ್ಯವೊಂದನ್ನು ಒಬ್ಬನೇ ಒಬ್ಬ ವ್ಯಕ್ತಿ ಒಪ್ಪದಿದ್ದರೆ ಅವನ ಹೊಣೆ ಏನು? ಸಂಶಯಪಡುವುದು ಕೇವಲ ಬುದ್ಧಿಯ ಆಟವೋ, ಇಲ್ಲವೆ ಅದೊಂದು ನೈತಿಕ ಕರ್ತವ್ಯವೋ?

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಹಳೆಯ ಬ್ರಿಟಿಷ್ ಚಲನಚಿತ್ರಗಳಲ್ಲಿ ಆಲ್‌ಫ್ರೆಡ್ ಹಿಚ್‌ಕಾಕನು ೧೯೩೦ರಲ್ಲಿ ನಿರ್ದೇಶಿಸಿದ 'ಮರ್ಡರ್!' ಮುಖ್ಯವಾದುದು. ಕ್ಲೆಮೆನ್ಸ್ ಡೇನ್ ಮತ್ತು ಹೆಲೆನ್ ಸಿಂಪ್ಸನ್ ಎಂಬ ಇಬ್ಬರು ಲೇಖಕಿಯರು ಜೊತೆಗೂಡಿ ಬರೆದ 'ಎಂಟರ್ ಸರ್ ಜಾನ್' ಎಂಬ ಕಾದಂಬರಿ ಇದರ ಆಕರ. ಹಿಚ್‌ಕಾಕನ ಪ್ರಸಿದ್ಧ ಚಿತ್ರಗಳ ಸಾಲಿನಲ್ಲಿ ಇದರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. 'ಕೊಂದವರು ಯಾರು?' ಎಂಬ ಒಗಟಿನ ಮೇಲೆಯೇ ನಿಲ್ಲುವ ಕಥೆಗಳ ಬಗ್ಗೆ ಹಿಚ್‌ಕಾಕನಿಗೇ ಒಲವಿರಲಿಲ್ಲ; ಅವುಗಳಲ್ಲಿ ಕುತೂಹಲವಿದೆಯೇ ಹೊರತು ಭಾವದ ತೀವ್ರತೆಯಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಹಾಗಿದ್ದೂ ಅವನು ಮಾಡಿದ ಬೆರಳೆಣಿಕೆಯ ಒಗಟಿನ ಚಿತ್ರಗಳಲ್ಲಿ ಒಂದಾದ ಇದು ಕನ್ನಡದ ಓದುಗರಿಗೆ ವಿಶೇಷವಾಗಿ ಹತ್ತಿರವಾಗಬಲ್ಲುದು. ಏಕೆಂದರೆ ಇದು ಊರಿಂದೂರಿಗೆ ತಿರುಗುವ ಒಂದು ನಾಟಕ ಕಂಪನಿಯ ಕಥೆ.

೨

ಕಥೆಯ ಹಂದರ ಹೀಗಿದೆ. ಒಂದು ರಾತ್ರಿ ಬೀದಿಯ ಜನರೆಲ್ಲ ಗದ್ದಲಕ್ಕೆ ಎಚ್ಚರಗೊಳ್ಳುತ್ತಾರೆ. ಬಾಡಿಗೆ ಮನೆಯೊಂದರಲ್ಲಿ ಎಡ್ನಾ ಡ್ರೂಸ್ ಎಂಬ ನಟಿ ಸತ್ತು ಬಿದ್ದಿದ್ದಾಳೆ. ಒಲೆಯ ಕೆಂಡ ಕೆದಕುವ ಕಬ್ಬಿಣದ ಸಲಾಕೆ ಅಲ್ಲೇ ಬಿದ್ದಿದೆ. ಅದೇ ಕಂಪನಿಯ ಇನ್ನೊಬ್ಬ ನಟಿ ಡಯಾನಾ ಬೇರಿಂಗ್ ಪಕ್ಕದಲ್ಲಿ ಮಂಕು ಬಡಿದವಳಂತೆ ಕುಳಿತಿದ್ದಾಳೆ. ನಡೆದುದೇನೆಂದು ಅವಳಿಗೆ ನೆನಪಿಲ್ಲ. ಇಬ್ಬರಿಗೂ ಹೊಂದಾಣಿಕೆಯಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮೊಕದ್ದಮೆ ನಡೆಯುತ್ತದೆ, ಹನ್ನೆರಡು ಮಂದಿಯ ಜ್ಯೂರಿ ತೀರ್ಮಾನಕ್ಕೆ ಕೂಡುತ್ತದೆ. ಆ ಹನ್ನೆರಡರಲ್ಲಿ ಒಬ್ಬನು ಸರ್ ಜಾನ್ ಮೆನಿಯರ್, ಲಂಡನ್ನಿನ ಹೆಸರಾಂತ ನಟ ಮತ್ತು ನಾಟಕ ಕಂಪನಿಯ ಒಡೆಯ. ಹರ್ಬರ್ಟ್ ಮಾರ್ಷಲ್ ಈ ಪಾತ್ರವನ್ನು ವಹಿಸಿದ್ದಾನೆ.

ಡಯಾನಾ ತಪ್ಪಿತಸ್ಥಳೆಂದು ಒಪ್ಪಲು ಸರ್ ಜಾನನ ಮನಸ್ಸು ಹಿಂಜರಿಯುತ್ತದೆ. ಉಳಿದವರು ಒಬ್ಬೊಬ್ಬರಾಗಿ ಒಂದೊಂದು ಸಾಕ್ಷ್ಯವನ್ನು ಮುಂದಿಟ್ಟು, ಅದಕ್ಕೆ ಅವನ ಉತ್ತರವೇನೆಂದು ಕೇಳುತ್ತಾರೆ. ಆ ಕೇಳಿಕೆ ಕ್ರಮೇಣ ಒಕ್ಕೊರಲಿನ ಘೋಷವಾಗಿ, ಬಹುತೇಕ ಹಾಡಿನ ಪಲ್ಲವಿಯಂತೆ ಮರುಕಳಿಸುತ್ತದೆ. ಅವನಲ್ಲಿ ಉತ್ತರವಿಲ್ಲ, ಇರುವುದು ಅನುಮಾನ ಮಾತ್ರ. ಕೊನೆಗೆ ಅವನೂ ಸೋತು ಒಪ್ಪಿಕೊಳ್ಳುತ್ತಾನೆ. ತೀರ್ಪು ಓದುವ ಸಮಯದಲ್ಲಿ ಕ್ಯಾಮರಾ ನ್ಯಾಯಾಲಯಕ್ಕೆ ಹೋಗುವುದೇ ಇಲ್ಲ. ಬರಿದಾದ ಜ್ಯೂರಿ ಕೋಣೆಯಲ್ಲಿ ನೌಕರನೊಬ್ಬ ಕಸ ತೆಗೆದು ಓರಣಗೊಳಿಸುತ್ತಿರುತ್ತಾನೆ. ಮರಣದಂಡನೆಯ ಮಾತು ದೂರದಿಂದ ಕೇಳಿಬರುತ್ತದೆ. ಒಬ್ಬಳ ಪ್ರಾಣ ಹೋಗುವ ನಿರ್ಧಾರವೂ ದಿನನಿತ್ಯದ ಕೆಲಸದ ನಡುವೆ ನಡೆದುಹೋಗುತ್ತದೆ ಎಂಬುದನ್ನು ಒಂದೂ ಮಾತಿಲ್ಲದೆ ಹೇಳಿದ ಬಗೆ ಇದು.

ಇಲ್ಲಿ ಅಂದಿನ ಬ್ರಿಟಿಷ್ ಕಾನೂನಿನ ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯಕ. ಆಗ ಜ್ಯೂರಿಯ ತೀರ್ಮಾನ ಸರ್ವಾನುಮತದ್ದಾಗಿರಬೇಕಾಗಿತ್ತು. ಬಹುಮತದ ತೀರ್ಮಾನಕ್ಕೆ ಇಂಗ್ಲೆಂಡಿನಲ್ಲಿ ಅವಕಾಶ ದೊರೆತದ್ದು ೧೯೬೭ರಲ್ಲಿ. ಹಾಗಾಗಿ ಒಬ್ಬನ ಅಸಮ್ಮತಿ ಹನ್ನೊಂದು ಮಂದಿಯನ್ನು ತಡೆಯಬಲ್ಲುದಾಗಿತ್ತು. ಅದೇ ಕಾರಣಕ್ಕೆ ಆ ಒಬ್ಬನ ಮೇಲಿನ ಒತ್ತಡವೂ ಹೆಚ್ಚು. ಕೊಲೆಗೆ ಮರಣದಂಡನೆಯೇ ಶಿಕ್ಷೆಯಾಗಿತ್ತು. ಎಡಿತ್ ಥಾಂಪ್ಸನ್ ಎಂಬ ಮಹಿಳೆಯನ್ನು ೧೯೨೩ರಲ್ಲಿ ಗಲ್ಲಿಗೇರಿಸಿದಾಗ ಎದ್ದ ವಿವಾದ ಚಿತ್ರ ನೋಡಿದವರ ನೆನಪಿನಲ್ಲಿ ಇನ್ನೂ ಹಸಿಯಾಗಿದ್ದಿರಬೇಕು. ಆರೋಪವನ್ನು ಸಿದ್ಧಪಡಿಸುವ ಹೊಣೆ ಆರೋಪ ಹೊರಿಸಿದವರದೇ ಎಂಬ ತತ್ತ್ವವನ್ನು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವು ವೂಲ್ಮಿಂಗ್ಟನ್ ಮೊಕದ್ದಮೆಯಲ್ಲಿ ಖಚಿತ ಮಾತುಗಳಲ್ಲಿ ಸಾರಿದ್ದು ೧೯೩೫ರಲ್ಲಿ, ಅಂದರೆ ಈ ಚಿತ್ರ ಬಂದ ಐದು ವರ್ಷಗಳ ನಂತರ. ಸರ್ ಜಾನನ ಸಹಸದಸ್ಯರು ಅವನನ್ನು ಕೇಳುವ ಪ್ರಶ್ನೆಯೇ ತಲೆಕೆಳಗಾದುದು. ಡಯಾನಾ ನಿರಪರಾಧಿ ಎಂದು ಅವನು ಸಿದ್ಧಪಡಿಸಬೇಕಾಗಿರಲಿಲ್ಲ. ಅವನಿಗಿದ್ದ ಅನುಮಾನವೇ ಸಾಕಾಗಬೇಕಿತ್ತು.

ಭಾರತದಲ್ಲಿಯೂ ಈ ಪದ್ಧತಿ ಹಲವೆಡೆ ಬಳಕೆಯಲ್ಲಿತ್ತು. ಮುಂಬಯಿಯ ನಾನಾವತಿ ಮೊಕದ್ದಮೆಯಲ್ಲಿ ೧೯೫೯ರಲ್ಲಿ ಜ್ಯೂರಿಯು ಎಂಟಕ್ಕೆ ಒಂದರಂತೆ ಆರೋಪಿಯನ್ನು ನಿರ್ದೋಷಿ ಎಂದಿತು. ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ಬಹುಮಂದಿಯ ಭಾವನೆ ಆರೋಪಿಯ ಪರವಾಗಿ ಹರಿದರೂ, ವಿರುದ್ಧವಾಗಿ ಹರಿದರೂ ಸತ್ಯಕ್ಕೆ ಅಪಾಯವೇ ಎಂಬುದಕ್ಕೆ ಈ ಎರಡು ಪ್ರಸಂಗಗಳು, ಒಂದು ಕಲ್ಪಿತ, ಇನ್ನೊಂದು ವಾಸ್ತವ, ನಿದರ್ಶನಗಳಾಗಿವೆ.

೩

ಪತ್ತೇದಾರಿ ಕಥೆಗಳ ಪರಂಪರೆಯಲ್ಲಿ ಹವ್ಯಾಸಿ ಪತ್ತೇದಾರ ಹಳೆಯ ಪಾತ್ರ. ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಸೃಷ್ಟಿಸಿದ ದ್ಯುಪೆನ್ ಪೊಲೀಸನಲ್ಲ. ೧೯೨೩ರಲ್ಲಿ ಡೊರೊಥಿ ಸೇಯರ್ಸ್ ತಂದ ಪೀಟರ್ ವಿಮ್ಸಿ ಒಬ್ಬ ಶ್ರೀಮಂತ. 'ಮರ್ಡರ್!' ತೆರೆಕಂಡ ೧೯೩೦ರಲ್ಲಿಯೇ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲ ಬಾರಿಗೆ ಒಂದು ಇಡೀ ಕಾದಂಬರಿಯಲ್ಲಿ ಕಾಣಿಸಿಕೊಂಡಳು. ಇವರೆಲ್ಲರಿಗೂ ಸಮಾನವಾದ ಲಕ್ಷಣವೊಂದಿದೆ. ಕೊಲೆ ಅವರಿಗೆ ಹೊರಗಿನದು. ಅದೊಂದು ಬಿಡಿಸಬೇಕಾದ ಒಗಟು. ಅವರು ಕೈಚೆಲ್ಲಿದರೂ ಯಾರೂ ಅವರನ್ನು ದೂರುವಂತಿಲ್ಲ.

ಸರ್ ಜಾನ್ ಇವರಿಂದ ಭಿನ್ನನಾಗುವುದು ಇಲ್ಲಿಯೇ. ಅವನು ಪತ್ತೇದಾರನಾಗುವುದು ಕುತೂಹಲದಿಂದಲ್ಲ, ತಪ್ಪಿನ ಅರಿವಿನಿಂದ. ಅವಳನ್ನು ಗಲ್ಲಿಗೆ ಕಳುಹಿಸಿದ ಹನ್ನೆರಡು ಬಾಯಿಗಳಲ್ಲಿ ಅವನದೂ ಒಂದು. ಇದಲ್ಲದೆ ಹಿಂದೊಮ್ಮೆ ತನ್ನ ಕಂಪನಿಯಲ್ಲಿ ಅವಕಾಶ ಕೇಳಿಕೊಂಡು ಬಂದಿದ್ದ ಡಯಾನಾಳಿಗೆ, ಮೊದಲು ಹೊರ ಊರುಗಳಲ್ಲಿ ತಿರುಗುವ ಕಂಪನಿ ಸೇರಿ ಅನುಭವ ಪಡೆಯುವಂತೆ ಬುದ್ಧಿ ಹೇಳಿ ಕಳುಹಿಸಿದವನೂ ಅವನೇ. ಅವಳು ಆ ಬಾಡಿಗೆ ಮನೆಯನ್ನು ತಲುಪಿದ್ದರ ಹಿಂದೆ ಅವನ ಮಾತಿದೆ.

ಈ ಅರಿವು ಅವನಲ್ಲಿ ಮೂಡುವ ಸನ್ನಿವೇಶ ಚಲನಚಿತ್ರದ ಇತಿಹಾಸದಲ್ಲಿ ಗಮನಾರ್ಹವಾದುದು. ಕನ್ನಡಿಯ ಮುಂದೆ ನಿಂತು ಅವನು ಕ್ಷೌರ ಮಾಡಿಕೊಳ್ಳುತ್ತಿದ್ದಾನೆ. ರೇಡಿಯೋದಲ್ಲಿ ವಾಗ್ನರ್‌ನ ಸಂಗೀತ ಬರುತ್ತಿದೆ. ತುಟಿಗಳು ಅಲುಗುತ್ತಿಲ್ಲ; ಆದರೆ ಅವನ ಮನಸ್ಸಿನ ಮಾತು ನಮಗೆ ಕೇಳಿಸುತ್ತಿದೆ. ಇಂದು ಇದು ಸಾಮಾನ್ಯ ತಂತ್ರ, ೧೯೩೦ರಲ್ಲಿ ಹೊಸದು. ಬೇರೆ ಬೇರೆ ಧ್ವನಿಗಳನ್ನು ಅನಂತರ ಕೂಡಿಸುವ ಅನುಕೂಲ ಆಗ ಇರಲಿಲ್ಲ. ಮಾರ್ಷಲ್‌ನ ಮಾತನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ನುಡಿಸಲಾಯಿತು. ರೇಡಿಯೋ ಸಂಗೀತಕ್ಕಾಗಿ ಸ್ನಾನಗೃಹದ ಸೆಟ್ಟಿನ ಹಿಂದೆ ಮೂವತ್ತು ವಾದಕರ ವಾದ್ಯವೃಂದವನ್ನು ಕೂರಿಸಲಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡದ್ದು ೧೯೩೪ರಲ್ಲಿ ಎಂಬುದನ್ನು ನೆನೆದರೆ, ಮಾತು ಬಂದ ಹೊಸತರಲ್ಲಿಯೇ ಚಿತ್ರವೊಂದು ಆಡದ ಮಾತನ್ನು ಕೇಳಿಸಲು ಪಟ್ಟ ಶ್ರಮದ ಬೆಲೆ ತಿಳಿಯುತ್ತದೆ. ಜ್ಯೂರಿ ಕೋಣೆಯಲ್ಲಿ ಹನ್ನೊಂದು ದನಿಗಳು ಅವನ ದನಿಯನ್ನು ಮುಳುಗಿಸಿದ್ದವು. ಒಬ್ಬನೇ ಇರುವಾಗ ಅವನಿಗೆ ತನ್ನ ದನಿ ಮರಳಿ ಕೇಳಿಸುತ್ತದೆ. ತಂತ್ರವೂ ಅರ್ಥವೂ ಇಲ್ಲಿ ಒಂದಾಗಿವೆ.

೪

ಕನ್ನಡದಲ್ಲಿ 'ವೃತ್ತಿ' ಮತ್ತು 'ಹವ್ಯಾಸಿ' ಎಂಬ ಪದಗಳು ಜೋಡಿಯಾಗಿ ನೆಲೆಗೊಂಡಿರುವುದು ರಂಗಭೂಮಿಯ ಸಂದರ್ಭದಲ್ಲಿ. ೧೮೮೪ರಲ್ಲಿ ಆರಂಭವಾದ ಗುಬ್ಬಿ ಕಂಪನಿಯದು ವೃತ್ತಿ ರಂಗಭೂಮಿ. ೧೯೦೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನದು ಹವ್ಯಾಸಿ ರಂಗಭೂಮಿ. ಸರ್ ಜಾನ್ ರಂಗಭೂಮಿಯಲ್ಲಿ ವೃತ್ತಿಯವನು, ಪತ್ತೇದಾರಿಯಲ್ಲಿ ಹವ್ಯಾಸಿ. ಆದರೆ ಅವನ ಪತ್ತೇದಾರಿಯ ಉಪಕರಣಗಳೆಲ್ಲ ಅವನ ವೃತ್ತಿಯಿಂದಲೇ ಬಂದವು. ಪೊಲೀಸರು ಕಾಣದ್ದನ್ನು ಅವನು ಕಾಣುವುದಕ್ಕೆ ಕಾರಣ ಅವನು ನಟನಾಗಿರುವುದು.

ಎರಡು ಸುಳಿವುಗಳನ್ನು ಇಲ್ಲಿ ಉದಾಹರಿಸಬಹುದು. ಆ ರಾತ್ರಿ ಕೇಳಿಬಂದುದು ಹೆಣ್ಣು ದನಿಗಳು ಮಾತ್ರ, ಆದ್ದರಿಂದ ಕೋಣೆಯಲ್ಲಿ ಗಂಡಸಿರಲಿಲ್ಲ ಎಂಬುದು ಮನೆಯೊಡತಿಯ ಸಾಕ್ಷ್ಯ. ಸರ್ ಜಾನ್ ಬಾಗಿಲ ಮರೆಯಿಂದ ಹೆಣ್ಣು ದನಿಯಲ್ಲಿ ಕರೆದು, ಅವಳು ಅದನ್ನು ಮನೆಗೆಲಸದವಳ ದನಿಯೆಂದೇ ನಂಬುವಂತೆ ಮಾಡುತ್ತಾನೆ. ಗಂಡಸು ಹೆಣ್ಣು ದನಿಯಲ್ಲಿ ಮಾತನಾಡಬಲ್ಲನೆಂಬುದು ಮನೆಯೊಡತಿಗೆ ತೋಚದ ವಿಷಯ. ಕಂಪನಿಯವರಿಗೆ ಅದು ದಿನದ ಕೆಲಸ. ಎರಡನೆಯದು ಪೊಲೀಸನ ಉಡುಪು. ಕೊಲೆಯಾದ ರಾತ್ರಿ ಬೀದಿಯಲ್ಲಿ ಪೊಲೀಸನೊಬ್ಬ ಕಂಡಿದ್ದ. ಸಮವಸ್ತ್ರ ಕಂಡೊಡನೆ ಜನ ಮುಖವನ್ನು ನೋಡುವುದಿಲ್ಲ. ಆ ಕಂಪನಿಯ ಪ್ರಹಸನದಲ್ಲಿ ಪೊಲೀಸ್ ವೇಷವಿದೆ ಎಂಬುದನ್ನು ಪ್ರೇಕ್ಷಕರು ಅದಕ್ಕೆ ಮುನ್ನವೇ ಕಂಡಿರುತ್ತಾರೆ. ನಾಟಕ ನಡೆಯುತ್ತಿರುವಾಗಲೇ ಪಕ್ಕದ ಪರದೆಯ ಹಿಂದೆ ನಿಜವಾದ ಪೊಲೀಸರು ನಟರನ್ನು ವಿಚಾರಿಸುತ್ತಾರೆ. ನಟರು ವೇಷದಲ್ಲಿ ಬಂದು ಉತ್ತರಿಸಿ, ಮಾತನ್ನು ಅರ್ಧಕ್ಕೇ ಬಿಟ್ಟು ರಂಗಕ್ಕೆ ಓಡುತ್ತಾರೆ. ನಿಜ ಯಾವುದು, ವೇಷ ಯಾವುದು ಎಂಬ ಗೊಂದಲ ಇಲ್ಲಿ ನಗೆಯನ್ನುಂಟುಮಾಡುತ್ತದೆ. ಕೊಲೆಯ ಗುಟ್ಟು ಅದೇ ನಗೆಯೊಳಗಿದೆ.

ಈ ಸುಳಿವುಗಳು ಹ್ಯಾಂಡೆಲ್ ಫೇನ್ ಎಂಬ ನಟನತ್ತ ಬೆರಳು ತೋರುತ್ತವೆ. ಅವನು ಕಂಪನಿಯಲ್ಲಿ ಸ್ತ್ರೀಪಾತ್ರ ವಹಿಸುವವನು. ಅವನನ್ನು ಹಿಡಿಯಲು ಸರ್ ಜಾನ್ ಹೂಡುವ ಉಪಾಯ 'ಹ್ಯಾಮ್ಲೆಟ್' ನಾಟಕದ್ದು. ಕುವೆಂಪು ಅವರ 'ರಕ್ತಾಕ್ಷಿ'ಯ ಮೂಲಕ ಆ ಕಥಾವಸ್ತು ಕನ್ನಡಿಗರಿಗೂ ಪರಿಚಿತವೇ. ಬೇರಿಂಗ್ ಪ್ರಕರಣವನ್ನೇ ನಾಟಕವಾಗಿ ಬರೆದು, ಕೊಲೆಗಾರನ ಪಾತ್ರ ಓದಿ ತೋರಿಸಲು ಅವನು ಫೇನ್‌ನನ್ನು ಕರೆಯುತ್ತಾನೆ. ಫೇನ್ ಓದುತ್ತಾ ಹೋಗುತ್ತಾನೆ. ನಿರ್ಣಾಯಕ ಘಟ್ಟ ಬಂದಾಗ ಮುಂದಿನ ಪುಟ ಖಾಲಿ. ಅವನು ಬೆಚ್ಚುತ್ತಾನೆ, ಆದರೆ ಬಾಯಿ ಬಿಡುವುದಿಲ್ಲ. ಸೌಜನ್ಯದಿಂದ ಬೀಳ್ಕೊಂಡು ಹೋಗುತ್ತಾನೆ.

ವಿಮರ್ಶಕರು ಈ ದೃಶ್ಯದ ಜಾಣ್ಮೆಯನ್ನು ಮೆಚ್ಚಿಕೊಂಡಿದ್ದಾರೆ. ಆದರೆ ಉಪಾಯ ಸೋತಿತು ಎಂಬುದನ್ನು ಗಮನಿಸಬೇಕು. ಸರ್ ಜಾನನಿಗೆ ಸತ್ಯ ತಿಳಿಯಿತು, ಸಾಕ್ಷ್ಯ ಸಿಗಲಿಲ್ಲ. ಕಲೆಯು ಸತ್ಯವನ್ನು ಕಾಣಿಸಬಲ್ಲುದು. ನ್ಯಾಯಾಲಯದ ಮುಂದೆ ಅದನ್ನು ಸಿದ್ಧಪಡಿಸಲಾರದು. ಡಯಾನಾಳನ್ನು ಕೊನೆಗೆ ಉಳಿಸುವುದು ಫೇನ್‌ನೇ ಬರೆದಿಟ್ಟ ತಪ್ಪೊಪ್ಪಿಗೆಯ ಪತ್ರ. ಸರ್ಕಸ್ಸಿನಲ್ಲಿ ಎತ್ತರದ ಉಯ್ಯಾಲೆಯ ಮೇಲೆ ತನ್ನ ಆಟ ಮುಗಿಸಿ, ತುಂಬಿದ ಸಭೆಯ ಕಣ್ಣೆದುರಿಗೇ ಅವನು ಹಗ್ಗಕ್ಕೆ ಕೊರಳೊಡ್ಡುತ್ತಾನೆ. ಚಿತ್ರದ ನಡುವೆ ಸೆರೆಮನೆಯ ಗೋಡೆಯ ಮೇಲೆ ಗಲ್ಲುಗಂಬದ ನೆರಳು ಏರುತ್ತ ಬರುವುದನ್ನು ಹಿಚ್‌ಕಾಕನು ತೋರಿಸಿದ್ದಾನೆ. ಡಯಾನಾಳಿಗಾಗಿ ಸಿದ್ಧವಾಗುತ್ತಿದ್ದ ಕುಣಿಕೆ ಬೇರೊಬ್ಬರ ಕೊರಳಿಗೆ ಬಿತ್ತು.

೫

ಫೇನ್ ಕೊಂದದ್ದಾದರೂ ಏಕೆ? ಚಿತ್ರದ ಉತ್ತರ ಒಂದೇ ಪದದಲ್ಲಿದೆ. ಅವನು 'ಹಾಫ್ ಕಾಸ್ಟ್', ಅಂದರೆ ಬಿಳಿಯರ ಮತ್ತು ಬಿಳಿಯರಲ್ಲದವರ ಬೆರಕೆಯಲ್ಲಿ ಹುಟ್ಟಿದವನು. ಇದನ್ನು ಮರೆಮಾಚಿ ಅವನು ಬಾಳುತ್ತಿದ್ದ. ಅವನು ಪ್ರೀತಿಸುತ್ತಿದ್ದ ಡಯಾನಾಳಿಗೆ ಎಡ್ನಾ ಈ ಗುಟ್ಟನ್ನು ಹೇಳಲು ಹೊರಟಾಗ ಅವಳನ್ನು ಕೊಂದ. ಡಯಾನಾಳಿಗೆ ಆ ಗುಟ್ಟು ಮೊದಲೇ ತಿಳಿದಿತ್ತು ಎಂಬುದು ಇಲ್ಲಿನ ವ್ಯಂಗ್ಯ. ಅವಳು ತನ್ನ ಪ್ರಾಣ ಹೋಗುವಂತಿದ್ದರೂ ಅವನ ಹೆಸರನ್ನು ಹೇಳದೆ ಉಳಿದಳು. ಫೇನ್‌ನ ಸ್ತ್ರೀವೇಷವನ್ನು ಆಧರಿಸಿ, ಈ ಪದವು ಅಂದಿನ ಪರದೆಯ ಮೇಲೆ ಹೇಳಲಾಗದಿದ್ದ ಲೈಂಗಿಕ ಭಿನ್ನತೆಗೆ ಮುಸುಕಾಗಿದೆ ಎಂದು ಕೆಲವು ವಿಮರ್ಶಕರು ಅರ್ಥೈಸಿದ್ದಾರೆ. ಆ ಅರ್ಥಕ್ಕೂ ಆಸ್ಪದವಿದೆ. ಆದರೆ ಭಾರತೀಯ ಓದುಗರು ಆ ಪದವನ್ನು ಅದರ ನೇರ ಅರ್ಥದಲ್ಲಿಯೂ ಎದುರಿಸಬೇಕಾಗುತ್ತದೆ. 'ಕಾಸ್ಟ್' ಎಂಬುದು ಪೋರ್ಚುಗೀಸರ 'ಕಾಸ್ತಾ'ದಿಂದ ಬಂದು, ಭಾರತದ ಜಾತಿಯನ್ನು ಹೆಸರಿಸಲು ಬಳಕೆಯಾಗಿ ಇಂಗ್ಲಿಷಿನಲ್ಲಿ ನೆಲೆನಿಂತ ಪದ.

ವಸಾಹತು ಕಾಲದ ಭಾರತದಲ್ಲಿ ಈ ಕಳಂಕವನ್ನು ಹೊತ್ತವರು ಆಂಗ್ಲೋ-ಇಂಡಿಯನ್ ಸಮುದಾಯದವರು. ೧೮೮೭ರಲ್ಲಿ ಸ್ಥಾಪನೆಯಾದ ಬಂಗಾಳ-ನಾಗಪುರ ರೈಲ್ವೆಯಂಥ ಸಂಸ್ಥೆಗಳು ಅವರಿಗೆ ನೌಕರಿ ಕೊಟ್ಟವು. ನಾಗಪುರದಿಂದ ಹುಬ್ಬಳ್ಳಿಯವರೆಗೆ, ಕೋಲಾರದ ಚಿನ್ನದ ಗಣಿಯವರೆಗೆ ಅವರ ವಸತಿಗಳು ಹರಡಿದ್ದವು. ಆಳುವವರು ಅವರನ್ನು ತಮ್ಮವರೆನ್ನಲಿಲ್ಲ. ನೆರೆಯ ಭಾರತೀಯರೂ ಪೂರ್ತಿಯಾಗಿ ತಮ್ಮವರೆನ್ನಲಿಲ್ಲ. ಫೇನ್ ಇಂಥದೇ ಎಡೆಯಲ್ಲಿ ಸಿಕ್ಕಿಕೊಂಡವನು. ಸ್ತ್ರೀವೇಷ, ಪೊಲೀಸ್ ವೇಷ ಇವೆಲ್ಲ ಅವನಿಗೆ ಸುಲಭವಾದುದಕ್ಕೆ ಕಾರಣ, ರಂಗದ ಹೊರಗೂ ಅವನ ಬದುಕು ವೇಷವೇ ಆಗಿದ್ದುದು.

ಹುಟ್ಟಿನ ಗುಟ್ಟಿನಿಂದ ನಲುಗಿದ ಪಾತ್ರವನ್ನು ಕನ್ನಡ ಕಾವ್ಯ ಹತ್ತನೆಯ ಶತಮಾನದಲ್ಲಿಯೇ ಕಂಡಿದೆ. 'ವಿಕ್ರಮಾರ್ಜುನ ವಿಜಯ'ದಲ್ಲಿ ಕರ್ಣನು ತನ್ನ ಬಿಲ್ಲಿನ ವಿದ್ಯೆಯನ್ನು ತೋರಲು ಮುಂದೆ ಬಂದಾಗ ಸಭೆಯು ಅವನ ಕುಲವನ್ನು ಕೇಳುತ್ತದೆ. ಪಂಪನು ಆ ಪ್ರಶ್ನೆಯನ್ನೇ ಪ್ರಶ್ನಿಸುತ್ತಾನೆ. ಓದುಗರ ನೆನಪಿನಲ್ಲಿ ಕರ್ಣನಿಗೆ ಹಿರಿಯ ಸ್ಥಾನವನ್ನು ಬೇಡುತ್ತಾನೆ. ಹಿಚ್‌ಕಾಕನ ಚಿತ್ರದಲ್ಲಿ ಫೇನ್‌ನ ಸಾವು ಘೋರವಾಗಿದೆ, ಎಸ್ಮೆ ಪರ್ಸಿಯ ಅಭಿನಯದಿಂದ ಮರುಕವನ್ನೂ ಹುಟ್ಟಿಸುತ್ತದೆ. ಆದರೆ ಅವನ ಹುಟ್ಟು ನಾಚಿಕೆಯ ವಿಷಯವೇಕಾಗಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸರ್ ಜಾನ್ ಸಾಕ್ಷಿಗಳನ್ನು ಸಂಶಯಿಸಿದ, ಪೊಲೀಸರನ್ನು ಸಂಶಯಿಸಿದ, ತನ್ನ ತೀರ್ಮಾನವನ್ನೇ ಸಂಶಯಿಸಿದ. ಒಬ್ಬನ ಹುಟ್ಟನ್ನು ಕೊಲೆಗೆ ತಕ್ಕಷ್ಟು ದೊಡ್ಡ ಗುಟ್ಟನ್ನಾಗಿಸಿದ ಸಮಾಜದ ನಂಬಿಕೆಯನ್ನು ಮಾತ್ರ ಅವನು ಸಂಶಯಿಸಲಿಲ್ಲ.

ಇದಕ್ಕೆ ಅವನ ಅಂತಸ್ತೂ ಕಾರಣ. ಅವನ ಹೆಸರಿನ ಹಿಂದೆ 'ಸರ್' ಇದೆ. ಅವನಿಗೆ ನೆರವಾಗಲು ಬರುವ ರಂಗನಿರ್ವಾಹಕ ಮಾರ್ಕಮ್ ಅವನ ಕೋಣೆಗೆ ಕಾಲಿಟ್ಟಾಗ ಆ ಬಡವನ ಪಾದಗಳು ರತ್ನಗಂಬಳಿಯಲ್ಲಿ ಹಾಸಿಗೆಯಲ್ಲಿ ಹೂತಂತೆ ಹೂತುಹೋಗುತ್ತವೆ. ಇದು ಕೇವಲ ಹಾಸ್ಯವಲ್ಲ. ಕೆಲಸ ಬಿಟ್ಟು ಊರೂರು ಅಲೆಯಲು, ಹಣ ಕೊಟ್ಟು ಸಹಾಯಕರನ್ನು ಇಟ್ಟುಕೊಳ್ಳಲು ಸಾಧ್ಯವಿರುವವನಿಗೆ ಮಾತ್ರ ಹವ್ಯಾಸಿ ಪತ್ತೇದಾರಿ ಸಾಧ್ಯ. ಉಳಿದ ಹನ್ನೊಂದು ಮಂದಿಗೆ ಮನೆಗೆ, ಕೆಲಸಕ್ಕೆ ಮರಳುವ ಅವಸರವಿದ್ದಿರಬಹುದು. ಸಂಶಯಕ್ಕೂ ಬಿಡುವು ಬೇಕು. ಮೇಲಿನ ಸ್ಥಾನದಲ್ಲಿ ನಿಂತವನಿಗೆ ಆ ಬಿಡುವು ಇರುತ್ತದೆ. ಆದರೆ ತನ್ನನ್ನು ಮೇಲೆ ನಿಲ್ಲಿಸಿದ ವ್ಯವಸ್ಥೆಯತ್ತ ಅವನ ದೃಷ್ಟಿ ಹರಿಯುವುದು ಅಪರೂಪ.

ಆ ಪ್ರಶ್ನೆಯನ್ನು ಕೇಳುವ ಕೆಲಸ ಬೇರೆ ಕಡೆಯಿಂದ, ಬೇರೆ ಜನರಿಂದ ಆಗಬೇಕಾಯಿತು. ಚಿತ್ರ ಬಂದ ಇಪ್ಪತ್ತಾರು ವರ್ಷಗಳ ನಂತರ, ೧೯೫೬ರ ಅಕ್ಟೋಬರ್ ೧೪ರಂದು, ನಾಗಪುರದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರೊಡನೆ ಲಕ್ಷಾಂತರ ಜನ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಹುಟ್ಟಿನಿಂದ ಬಂದುದೆಂದು ಸಮಾಜ ಹೊರಿಸಿದ್ದ ಕಳಂಕವನ್ನು ಅವರು ಮುಚ್ಚಿಡಲಿಲ್ಲ. ಬಯಲಿನಲ್ಲಿ, ಹಗಲಿನಲ್ಲಿ ಅದನ್ನು ನಿರಾಕರಿಸಿದರು. ಒಂದು ಸಿನಿಮಾ ಪಾತ್ರಕ್ಕೂ ಈ ಐತಿಹಾಸಿಕ ಘಟನೆಗೂ ನೇರ ಸಂಬಂಧವೇನೂ ಇಲ್ಲ. ಆದರೂ ಎರಡನ್ನೂ ಬಲ್ಲ ಓದುಗರಿಗೆ ವ್ಯತ್ಯಾಸ ಸ್ಪಷ್ಟ. ತುಂಬಿದ ಸಭೆಯ ಮುಂದೆ ಫೇನ್‌ಗೆ ಸಾವೊಂದೇ ದಾರಿಯಾಗಿ ಕಂಡಿತು. ಇಲ್ಲಿ ತುಂಬಿದ ಸಭೆಯೇ ಬದುಕಿನ ದಾರಿಯಾಯಿತು.

೬

'ಮರ್ಡರ್!' ಚಿತ್ರವನ್ನು ಹಿಚ್‌ಕಾಕನು ಅದೇ ಸೆಟ್ಟುಗಳಲ್ಲಿ, ಬೇರೆ ನಟರನ್ನಿಟ್ಟುಕೊಂಡು 'ಮೇರಿ' ಎಂಬ ಹೆಸರಿನಲ್ಲಿ ಜರ್ಮನ್ ಭಾಷೆಯಲ್ಲಿಯೂ ಚಿತ್ರಿಸಿದನು. ಅದು ೧೯೩೧ರಲ್ಲಿ ತೆರೆಕಂಡಿತು. ಇಂಗ್ಲಿಷಿನಲ್ಲಿ ನಗಿಸಿದ ಪ್ರಸಂಗಗಳು ಜರ್ಮನ್ನಿನಲ್ಲಿ ನಗಿಸಲಿಲ್ಲ ಎಂಬುದು ಅವನ ಅನುಭವವಾಗಿತ್ತು. ಒಂದು ಕೃತಿ ಭಾಷೆಯಿಂದ ಭಾಷೆಗೆ, ನಾಡಿನಿಂದ ನಾಡಿಗೆ ಹೋದಾಗ ಅದರಲ್ಲಿ ಕಾಣುವುದೂ ಬೇರೆಯಾಗುತ್ತದೆ. ಲಂಡನ್ನಿನ ಪ್ರೇಕ್ಷಕನಿಗೆ ಈ ಚಿತ್ರದ ಒಗಟು ಕೊಲೆಗಾರ ಯಾರೆಂಬುದು. ಪಂಪನನ್ನು ಓದಿದವರಿಗೆ, ಕಂಪನಿ ನಾಟಕಗಳ ಬಣ್ಣದ ಹಿಂದಿನ ಬದುಕನ್ನು ಬಲ್ಲವರಿಗೆ, ಜಾತಿಯ ಭಾರವನ್ನು ಅರಿತವರಿಗೆ ಆ ಒಗಟು ಬಿಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ.

ಚಿತ್ರದ ಕೊನೆಯ ದೃಶ್ಯದಲ್ಲಿ ಬಿಡುಗಡೆಯಾದ ಡಯಾನಾಳನ್ನು ಸರ್ ಜಾನ್ ಒಂದು ಸುಂದರವಾದ ಕೋಣೆಯಲ್ಲಿ ಆದರದಿಂದ ಬರಮಾಡಿಕೊಳ್ಳುತ್ತಾನೆ. ಕ್ಯಾಮರಾ ಹಿಂದೆ ಸರಿದಂತೆ ಆ ಕೋಣೆ ರಂಗಸಜ್ಜಿಕೆಯೆಂದು ತಿಳಿಯುತ್ತದೆ, ಅವರಿಬ್ಬರೂ ನಾಟಕವಾಡುತ್ತಿದ್ದಾರೆ, ಪರದೆ ಇಳಿಯುತ್ತದೆ. ನ್ಯಾಯ ದೊರಕಿತೆಂಬ ಸಮಾಧಾನವೂ ರಂಗದ ಮೇಲಿನ ಒಂದು ದೃಶ್ಯವೇ ಇರಬಹುದೆಂಬ ಸೂಚನೆ ಇದರಲ್ಲಿದೆ. ಹವ್ಯಾಸಿ ಪತ್ತೇದಾರನು ಒಂದು ಪ್ರಾಣವನ್ನು ಉಳಿಸಿದ, ಅದು ಸಣ್ಣ ಕೆಲಸವಲ್ಲ. ಒಪ್ಪಿಗೆ ಕೊಟ್ಟ ಮೇಲೂ ಅನುಮಾನವನ್ನು ಬಿಡದೆ ಬೆನ್ನು ಹತ್ತುವುದು ಹೊಣೆಯರಿತವರ ಲಕ್ಷಣವೆಂದು ಅವನು ತೋರಿಸಿಕೊಟ್ಟ. ಅವನ ಸಂಶಯ ನಿಂತ ಎಡೆಯಿಂದ ಮುಂದಕ್ಕೆ ಅದನ್ನು ಕೊಂಡೊಯ್ಯುವ ಹೊಣೆ ಮಾತ್ರ ಚಿತ್ರವನ್ನು ನೋಡುವವರದು.